ಹೊಣೆಗೆ ಬೆಲೆ ಸಿಕ್ಕ ಬಗೆ: ಗ್ನುಪಿಜಿ ಪ್ರಕರಣ

ಲಿನಕ್ಸ್ ಗಣಕದಲ್ಲಿ ಟರ್ಮಿನಲ್ ತೆರೆದು ಗ್ನುಪಿಜಿ ಎಂಬ ಗೂಢಲಿಪಿ ತಂತ್ರಾಂಶದ ‘ಜಿಪಿಜಿ’ ಆಜ್ಞೆಯ ಆವೃತ್ತಿ ಕೇಳಿದರೆ ಪರದೆಯ ಮೇಲೆ ಒಂದಷ್ಟು ಸಾಲುಗಳು ಮೂಡುತ್ತವೆ. 2.4ರ ಸರಣಿಯ ಪ್ರತಿಯಾದರೆ ಅದರಲ್ಲೊಂದು ಹಕ್ಕುಸ್ವಾಮ್ಯದ ಸಾಲು. ಅಲ್ಲಿ ಜಿ10 ಕೋಡ್ ಎಂಬ ಪುಟ್ಟ ಜರ್ಮನ್ ಕಂಪನಿಯ ಹೆಸರಿರುತ್ತದೆ. ಅದರ ಕೆಳಗೇ ಇನ್ನೊಂದು ಸಾಲು: ಕಾನೂನು ಒಪ್ಪುವ ಮಟ್ಟಿಗೆ ಈ ತಂತ್ರಾಂಶಕ್ಕೆ ಯಾವ ಖಾತರಿಯೂ ಇಲ್ಲ. ಈ ಎರಡು ಸಾಲುಗಳನ್ನು ಒಟ್ಟಿಗೆ ಓದಿದಾಗಲೆಲ್ಲ ನನಗೆ ಒಂದೇ ಯೋಚನೆ. ಖಾತರಿ ಇಲ್ಲವೆಂದು ಮೊದಲೇ ಹೇಳಿ ಪುಕ್ಕಟೆಯಾಗಿ ಹಂಚುವ ವಸ್ತುವಿನ ಬೆನ್ನಿಗೆ ಒಬ್ಬ ಮನುಷ್ಯ ಕಾಲು ಶತಮಾನ ಹೇಗೆ ನಿಂತ? ಅವನ ಹೊಟ್ಟೆಪಾಡು ಹೇಗೆ ನಡೆಯಿತು?

ಓಪನ್ ಸೋರ್ಸ್, ಅಂದರೆ ಮೂಲ ಕೋಡ್ ಎಲ್ಲರಿಗೂ ತೆರೆದಿರುವ, ಯೋಜನೆಗಳನ್ನು ಹುಟ್ಟುಹಾಕುವ ಬಗ್ಗೆ ಬೇಕಾದಷ್ಟು ಬರವಣಿಗೆ ಇದೆ. ಹತ್ತು, ಇಪ್ಪತ್ತು, ಇಪ್ಪತ್ತೈದು ವರ್ಷ ಅವನ್ನು ಉಳಿಸಿಕೊಂಡು ಬರುವುದರ ಲೆಕ್ಕಾಚಾರವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಕರಣ ನನಗೆ ಬೇರೆ ಸಿಕ್ಕಿಲ್ಲ. ಇದರಲ್ಲಿ ಬಡತನವಿದೆ, ಒಂದೇ ರಾತ್ರಿಯಲ್ಲಿ ಬಂದ ಹಣವಿದೆ, ಬಿಟ್ಟುಹೋದ ಸಹೋದ್ಯೋಗಿಗಳಿದ್ದಾರೆ, ಕೊನೆಗೆ ‘ನಮಗಿನ್ನು ದೇಣಿಗೆ ಬೇಡ’ ಎಂದು ಹೇಳಿದ ಅಪರೂಪದ ಒಂದು ಪ್ರಕಟಣೆಯಿದೆ.

ಗ್ನುಪಿಜಿ, ಅಂದರೆ ಗ್ನು ಪ್ರೈವೆಸಿ ಗಾರ್ಡ್, ಮಾಡುವ ಕೆಲಸ ಹೊರಗೆ ಕಾಣುವುದಿಲ್ಲ. ಪತ್ರವನ್ನೋ ಕಡತವನ್ನೋ ಸಂಬಂಧಪಟ್ಟವರ ಹೊರತು ಬೇರೆ ಯಾರೂ ಓದಲಾಗದಂತೆ ಗೂಢಲಿಪಿಗೆ ತಿರುಗಿಸುತ್ತದೆ, ಡಿಜಿಟಲ್ ಸಹಿ ಹಾಕುತ್ತದೆ, ಬೇರೆಯವರು ಹಾಕಿದ ಸಹಿ ಅಸಲಿಯೇ ಎಂದು ನೋಡುತ್ತದೆ. ಡೆಬಿಯನ್ ಅಥವಾ ಉಬುಂಟು ಗಣಕ ಹೊಸ ತಂತ್ರಾಂಶಗಳ ಪಟ್ಟಿಯನ್ನು ಇಳಿಸಿಕೊಂಡಾಗ ಆ ಪಟ್ಟಿಯ ಮೇಲಿನ ಸಹಿಯನ್ನು ಬಹುಕಾಲ ಪರೀಕ್ಷಿಸುತ್ತಿದ್ದುದು ಇದರ ಚಿಕ್ಕ ಸಂಗಾತಿ ಜಿಪಿಜಿವಿ. ಸಹಿ ತಾಳೆಯಾಗದಿದ್ದರೆ ಅಪ್‌ಡೇಟ್ ಅಲ್ಲಿಗೇ ನಿಲ್ಲುತ್ತದೆ. ಜಗತ್ತಿನ ಅಸಂಖ್ಯ ಸರ್ವರ್‌ಗಳು ಪ್ರತಿದಿನ ಈ ಪರೀಕ್ಷೆಯನ್ನು ದಾಟುತ್ತಿದ್ದವು. ಅವನ್ನು ನಡೆಸುವವರಲ್ಲಿ ಬಹುಪಾಲು ಜನ ಅದನ್ನು ಬರೆದವರ ಹೆಸರನ್ನೂ ಕೇಳಿರಲಿಲ್ಲ.

ಬರೆದವರು ವೆರ್ನರ್ ಕೋಖ್. 1997ರಲ್ಲಿ ಮುಕ್ತ ತಂತ್ರಾಂಶ ಚಳವಳಿಯ ನಾಯಕ ರಿಚರ್ಡ್ ಸ್ಟಾಲ್‌ಮನ್ ಜರ್ಮನಿಗೆ ಬಂದಿದ್ದಾಗ ಅವರ ಭಾಷಣ ಕೇಳಲು ಕೋಖ್ ಹೋಗಿದ್ದರು. ಆ ಹೊತ್ತಿಗೆ ಫಿಲ್ ಜಿಮರ್‌ಮನ್ ಅವರ ಪಿಜಿಪಿ ಎಂಬ ಗೂಢಲಿಪಿ ತಂತ್ರಾಂಶ ಹೆಸರು ಮಾಡಿತ್ತು. ಆದರೆ ಗೂಢಲಿಪಿ ತಂತ್ರಾಂಶವನ್ನು ಹೊರದೇಶಕ್ಕೆ ಕಳಿಸುವುದಕ್ಕೆ ಅಮೆರಿಕದ ಕಾನೂನು ಅಡ್ಡವಾಗಿತ್ತು, ಪೇಟೆಂಟ್‌ಗಳ ಕಾಟ ಬೇರೆ. ನಾವು ರಫ್ತು ಮಾಡುವಂತಿಲ್ಲ, ನೀವು ಬರೆದರೆ ನಾವು ತರಿಸಿಕೊಳ್ಳಬಹುದು ಎಂಬುದು ಸ್ಟಾಲ್‌ಮನ್ ಅಲ್ಲಿ ಹೇಳಿದ ಮಾತಿನ ಸಾರ. ಕೋಖ್ ಅವರಿಗೆ ಆಗ ಕೈಯಲ್ಲಿ ಸ್ವಲ್ಪ ಬಿಡುವಿತ್ತು. 1997ರ ಡಿಸೆಂಬರ್ 20ರಂದು ಮೊದಲ ಪ್ರತಿ ಹೊರಬಂತು. ಅದಕ್ಕೆ ಅವರಿಟ್ಟ ಮೊದಲ ಹೆಸರು ಜಿ10. ಜರ್ಮನಿಯ ಸಂವಿಧಾನದಲ್ಲಿ ಪತ್ರ ಮತ್ತು ದೂರಸಂಪರ್ಕದ ಗೌಪ್ಯವನ್ನು ಕಾಯುವ ವಿಧಿ ಹತ್ತನೆಯದು. ಮುಂದೆ ಕಂಪನಿ ಕಟ್ಟಿದಾಗಲೂ ಅವರು ಅದೇ ಹೆಸರನ್ನು ಉಳಿಸಿಕೊಂಡರು.

1999ರ ಸೆಪ್ಟೆಂಬರ್‌ನಲ್ಲಿ 1.0 ಆವೃತ್ತಿ ಬಂತು. 2001ರಲ್ಲಿ ಜಿ10 ಕೋಡ್ ಶುರುವಾಯಿತು.

ಅಲ್ಲಿಂದ ಮುಂದಿನ ಹನ್ನೆರಡು ವರ್ಷಗಳು ಈ ಪ್ರಕರಣದ ಹೃದಯ. ಕೋಖ್ ಅವರ ಕಷ್ಟಕ್ಕೆ ಕಾರಣ ಜನಪ್ರಿಯತೆಯ ಕೊರತೆಯಲ್ಲ. ಗಿರಾಕಿಗಳೇ ಇರಲಿಲ್ಲವೆಂದೂ ಅಲ್ಲ. ಜರ್ಮನಿಯ ಮಾಹಿತಿ ಭದ್ರತಾ ಕಚೇರಿಯಾದ ಬಿಎಸ್‌ಐ ಅವರಿಗೆ ಆಗಾಗ ಗುತ್ತಿಗೆ ಕೊಟ್ಟಿತ್ತು. ಎಸ್‌ಮೈಮ್ ಎಂಬ ಇನ್ನೊಂದು ಇಮೇಲ್ ಗೂಢಲಿಪಿ ಮಾನದಂಡವನ್ನು ಗ್ನುಪಿಜಿಗೆ ಸೇರಿಸುವ ಕೆಲಸ ಬಂತು. ವಿಂಡೋಸ್ ಬಳಸುವವರಿಗಾಗಿ ಜಿಪಿಜಿ4ವಿನ್ ಕಟ್ಟುವ ಕೆಲಸ ಬಂತು, 2006ರಲ್ಲಿ ಅದು ಬಿಡುಗಡೆಯೂ ಆಯಿತು. ಆದರೆ ಈ ಗುತ್ತಿಗೆಗಳೆಲ್ಲ ಹೊಸದಾಗಿ ಏನನ್ನಾದರೂ ಸೇರಿಸುವುದಕ್ಕೆ. ಸೇರಿಸಿ ಮುಗಿದ ಮೇಲೆ ಬಿಲ್ ಪಾವತಿಯಾಗುತ್ತದೆ, ಕಡತ ಮುಚ್ಚುತ್ತದೆ. ಸೇರಿದ ಕೋಡ್ ಮಾತ್ರ ಅಲ್ಲೇ ಇರುತ್ತದೆ. ಮುಂದಿನ ವರ್ಷ ಕಂಪೈಲರ್ ಬದಲಾದಾಗ, ವಿಂಡೋಸ್ ಬದಲಾದಾಗ, ಯಾರೋ ದೋಷ ವರದಿ ಕಳಿಸಿದಾಗ ಅದನ್ನು ನೋಡಿಕೊಳ್ಳಬೇಕಾದವರು ಅದೇ ಮನುಷ್ಯ. ಪ್ರತಿ ಗುತ್ತಿಗೆಯೂ ಒಂದು ಸಲದ ಆದಾಯವನ್ನೂ ಮುಗಿಯದ ಒಂದು ಚಾಕರಿಯನ್ನೂ ಜೊತೆಗೇ ತರುತ್ತಿತ್ತು. ಯೋಜನೆ ಬೆಳೆದಷ್ಟೂ ಕೂಲಿಯಿಲ್ಲದ ಕೆಲಸ ಬೆಳೆಯಿತು. ಓಪನ್ ಸೋರ್ಸ್ ಯೋಜನೆಗಳ ಬಳಲಿಕೆಯ ಬಗ್ಗೆ ಮಾತಾಡುವವರು ಹೆಚ್ಚಾಗಿ ಬಳಕೆದಾರರ ಒರಟುತನವನ್ನು ದೂರುತ್ತಾರೆ. ಅದು ಸುಳ್ಳಲ್ಲ. ಆದರೆ ಕೋಖ್ ಅವರನ್ನು ಹಣ್ಣು ಮಾಡಿದ್ದು ಈ ಸರಳ ಗಣಿತ ಎಂದು ನನಗನಿಸುತ್ತದೆ.

ಆ ಕೂಲಿಯಿಲ್ಲದ ಕೆಲಸ ಎಂಥದ್ದು ಎಂಬುದಕ್ಕೆ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಬಹುದು. 2013ರಲ್ಲಿ ಜೆಂಕಿನ್, ಶಮೀರ್, ಟ್ರೋಮರ್ ಎಂಬ ಮೂವರು ಸಂಶೋಧಕರು ಒಂದು ವಿಚಿತ್ರವನ್ನು ತೋರಿಸಿದರು. ಶಮೀರ್ ಎಂದರೆ ಆರ್‌ಎಸ್‌ಎ ಎಂಬ ಗೂಢಲಿಪಿ ವಿಧಾನದ ಹೆಸರಿನ ನಡುವಿನ ಅಕ್ಷರಕ್ಕೆ ಕಾರಣರಾದ ಅದೇ ಆದಿ ಶಮೀರ್. ಲ್ಯಾಪ್‌ಟಾಪ್ ಲೆಕ್ಕ ಮಾಡುವಾಗ ಅದರೊಳಗಿನ ವಿದ್ಯುತ್ ಬಿಡಿಭಾಗಗಳು ಕಂಪಿಸಿ ಅತಿ ಸಣ್ಣ ಸದ್ದು ಹೊರಡಿಸುತ್ತವೆ. ಗ್ನುಪಿಜಿ ಪತ್ರವೊಂದನ್ನು ಬಿಡಿಸುತ್ತಿರುವಾಗ ಪಕ್ಕದಲ್ಲಿ ಮೈಕ್ ಇಟ್ಟು, ತಾವೇ ಆರಿಸಿದ ಪತ್ರಗಳನ್ನು ಒಂದರ ಮೇಲೊಂದು ಕಳಿಸುತ್ತ ಆ ಸದ್ದನ್ನು ಆಲಿಸಿದರೆ 4096 ಬಿಟ್‌ಗಳ ರಹಸ್ಯ ಕೀಲಿಯನ್ನೇ ಹೊರತೆಗೆಯಬಹುದು ಎಂದು ಅವರು ಪ್ರಯೋಗ ಮಾಡಿ ತೋರಿಸಿದರು. ಕೋಡ್‌ನಲ್ಲಿ ತಪ್ಪಿರಲಿಲ್ಲ, ಗಣಿತ ಸರಿಯಿತ್ತು. ಆದರೂ ಸರಿಪಡಿಸಲೇಬೇಕಿತ್ತು. ಪ್ರತಿ ಸಲವೂ ಲೆಕ್ಕಕ್ಕೆ ಮೊದಲು ಸಂಖ್ಯೆಯನ್ನು ಯಾದೃಚ್ಛಿಕವಾಗಿ ಮರೆಮಾಡಿ, ಸದ್ದು ಕೇಳಿದರೂ ಏನೂ ತಿಳಿಯದಂತೆ ಮಾಡಿದ 1.4.16 ಆವೃತ್ತಿ ಡಿಸೆಂಬರ್ 18ಕ್ಕೆ ಹೊರಬಂತು. ಈ ತಿದ್ದುಪಡಿಗೆ ಯಾವ ಗಿರಾಕಿಯೂ ಬೇಡಿಕೆ ಇಟ್ಟಿರಲಿಲ್ಲ. ಇದರಿಂದ ಯಾರಿಗೂ ಹೊಸ ಗುಂಡಿಯಾಗಲಿ ಹೊಸ ಸೌಲಭ್ಯವಾಗಲಿ ಸಿಗಲಿಲ್ಲ. ಮಾಡದೇ ಹೋಗಿದ್ದರೆ ಮಾತ್ರ ಎಲ್ಲರೂ ಕೇಳುತ್ತಿದ್ದರು.

ಅದನ್ನು ಮಾಡಿದ ವರ್ಷ ಕೋಖ್ ಯಾವ ಸ್ಥಿತಿಯಲ್ಲಿದ್ದರು? 2001ರಿಂದ ಅವರ ಗಳಿಕೆ ವರ್ಷಕ್ಕೆ ಸರಾಸರಿ 25,000 ಡಾಲರ್. ಪಳಗಿದ ಪ್ರೋಗ್ರಾಮರ್ ಒಬ್ಬರಿಗೆ ಜರ್ಮನಿಯಲ್ಲಿ ಸಿಗಬಹುದಾದ ಸಂಬಳದ ಮುಂದೆ ಇದು ಏನೇನೂ ಅಲ್ಲ. ಜೊತೆಗಿಟ್ಟುಕೊಂಡಿದ್ದ ಒಬ್ಬ ಪ್ರೋಗ್ರಾಮರ್‌ಗೆ, ಮುಂದೆ ಎಲ್ಲಿಂದಲಾದರೂ ಹಣ ಬಂದೀತೆಂಬ ಆಸೆಯಿಂದ, ಸುಮಾರು ಎರಡು ವರ್ಷ ಸಂಬಳ ಕೊಟ್ಟು ನೋಡಿದರು. ಬರಲಿಲ್ಲ. 2012ರ ಆಗಸ್ಟ್‌ನಲ್ಲಿ ಆ ವ್ಯಕ್ತಿಯನ್ನು ಕಳಿಸಿಕೊಡಬೇಕಾಯಿತು. 2013ರಲ್ಲಿ ಎಲ್ಲವನ್ನೂ ಬಿಟ್ಟು ಒಂದು ನೆಟ್ಟಗಿನ ನೌಕರಿ ಹಿಡಿಯುವ ತೀರ್ಮಾನಕ್ಕೆ ಅವರು ಬಂದಿದ್ದರು. ತಡೆದದ್ದು ಅಮೆರಿಕದ ಗುಪ್ತ ಕಣ್ಗಾವಲನ್ನು ಬಯಲಿಗೆಳೆದ ಎಡ್ವರ್ಡ್ ಸ್ನೋಡನ್ ಸುದ್ದಿ. ಪತ್ರಕರ್ತ ಗ್ಲೆನ್ ಗ್ರೀನ್‌ವಾಲ್ಡ್ ಅವರಿಗೆ ಇದೇ ತಂತ್ರಾಂಶ ಕಲಿಸಲು ಸ್ನೋಡನ್ ಒಂದು ವಿಡಿಯೊವನ್ನೇ ಮಾಡಿ ಕಳಿಸಿದ್ದರು. ಇದು ಈಗ ಬಿಡುವ ಹೊತ್ತಲ್ಲ ಎಂದು ಕೋಖ್ ಅವರಿಗೆ ಅನಿಸಿತು. ವರ್ಷದ ಕೊನೆಯಲ್ಲಿ ಜನರಿಂದಲೇ ಹಣ ಕೂಡಿಸಲು ಹೊರಟರು.

ಜಗತ್ತಿನ ಪತ್ರಿಕೆಗಳೆಲ್ಲ ಗೂಢಲಿಪಿಯ ಮಹತ್ವವನ್ನು ಮುಖಪುಟದಲ್ಲಿ ಬರೆಯುತ್ತಿದ್ದ ಕಾಲವದು. ಹಾಗಿದ್ದೂ 2015ರ ಫೆಬ್ರುವರಿ ಹೊತ್ತಿಗೆ ದೇಣಿಗೆಯ ಮೊತ್ತ 43,000 ಡಾಲರ್. ತಮಗೆ ಮರ್ಯಾದೆಯ ಸಂಬಳ, ಜೊತೆಗೆ ಪೂರ್ಣಾವಧಿಯ ಒಬ್ಬ ಡೆವಲಪರ್, ಇಷ್ಟಕ್ಕೆ ಅವರು ಇಟ್ಟುಕೊಂಡಿದ್ದ ಗುರಿ 1,37,000 ಡಾಲರ್. ಫೆಬ್ರುವರಿ 5ರಂದು ಅಮೆರಿಕದ ಸುದ್ದಿಸಂಸ್ಥೆ ಪ್ರೊಪಬ್ಲಿಕಾ ಈ ಸಂಗತಿಯನ್ನು ವರದಿ ಮಾಡಿತು. ಒಂದೇ ದಿನದಲ್ಲಿ ಗುರಿ ದಾಟಿತು. ಫೇಸ್‌ಬುಕ್ ಮತ್ತು ಹಣ ಪಾವತಿ ಕಂಪನಿ ಸ್ಟ್ರೈಪ್ ವರ್ಷಕ್ಕೆ ತಲಾ 50,000 ಡಾಲರ್ ಕೊಡುವುದಾಗಿ ಹೇಳಿದವು. ಲಿನಕ್ಸ್ ಫೌಂಡೇಶನ್ ನಡೆಸುತ್ತಿದ್ದ ನಿಧಿಯಿಂದ 60,000 ಡಾಲರ್ ಮಂಜೂರಾಯಿತು. ಈ ನಿಧಿಯ ಹುಟ್ಟಿಗೂ ಒಂದು ಅವಘಡವೇ ಕಾರಣ: 2014ರಲ್ಲಿ, ಜಾಲತಾಣಗಳ ಸಂಪರ್ಕವನ್ನು ಗೂಢಲಿಪಿಯಿಂದ ಕಾಯುವ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ದೋಷ ಬಯಲಾದಾಗ ದೊಡ್ಡ ಕಂಪನಿಗಳು ಎಚ್ಚೆತ್ತು ಕಟ್ಟಿದ್ದು ಅದು.

ಈ ಕತೆಯನ್ನು ಹೇಳುವವರು ಹೆಚ್ಚಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಕಷ್ಟ, ಕರೆ, ಕರುಣೆ, ಸುಖಾಂತ. ನನಗೆ ಆ ದಿನದ ಬಗ್ಗೆ ಸಂತೋಷವಿದೆ, ಆ ವರದಿ ಬರದಿದ್ದರೆ ಮುಂದಿನ ಯಾವುದೂ ನಡೆಯುತ್ತಿರಲಿಲ್ಲ. ಆದರೆ ಆ ಹಣ ಬಂದ ಬಗೆಯನ್ನು ಗಮನಿಸಬೇಕು. ಗ್ನುಪಿಜಿಗೆ ಅದರ ಹಿಂದಿನ ದಿನವೂ ಅಷ್ಟೇ ಬಳಕೆದಾರರಿದ್ದರು, ಅಷ್ಟೇ ಮಹತ್ವವಿತ್ತು. ಬದಲಾದದ್ದು ಒಬ್ಬ ಮನುಷ್ಯ ಮುಳುಗುತ್ತಿದ್ದಾನೆಂಬ ಸುದ್ದಿ. ಮುಳುಗುವವನ ಕಡೆಗೆ ಹಗ್ಗ ಎಸೆಯಲು ಜನ ಯಾವತ್ತೂ ಬರುತ್ತಾರೆ. ದಡದ ಮೇಲೆ ನಿಂತು ದಿನವೂ ದುಡಿಯುವವನಿಗೆ ತಿಂಗಳು ತಿಂಗಳು ಸಂಬಳ ಕೊಡುವುದು ಬೇರೆಯೇ ಏರ್ಪಾಟು, ಅದನ್ನು ಕರುಣೆಯ ಮೇಲೆ ಕಟ್ಟಲು ಆಗುವುದಿಲ್ಲ. 2017ರ ಜೂನ್‌ನಲ್ಲಿ ಗ್ನುಪಿಜಿ ಮತ್ತೆ ಜನರ ಮುಂದೆ ಬರಬೇಕಾಯಿತು. ಈ ಸಲ ಕೇಳಿದ್ದು ತಿಂಗಳಿಗೆ 15,000 ಯೂರೊ, ಅದೂ ನಿಯಮಿತವಾಗಿ. ಮೊದಲ ಸಲದ ಅನುಭವದಿಂದ ಕಲಿತದ್ದು ಈ ‘ನಿಯಮಿತವಾಗಿ’ ಎಂಬ ಒಂದು ಪದದಲ್ಲಿತ್ತು.

ನಡುವಿನ ಎರಡು ವರ್ಷಗಳಲ್ಲಿ ಆ ಹಣದಿಂದ ಬಂದ ಹೊಸ ಕೈಗಳು ಏನು ಮಾಡಿದವು ಎಂಬುದೂ ಮುಖ್ಯ. ಕೆಲಸಕ್ಕೆ ಸೇರಿದ್ದವರಲ್ಲಿ ಮೂವರು 2017ರಲ್ಲಿ ಹೊರನಡೆದು ಸೆಕ್ವೊಯಾ ಎಂಬ ಯೋಜನೆ ಆರಂಭಿಸಿದರು. ಗ್ನುಪಿಜಿ ಪಾಲಿಸುತ್ತಿದ್ದ ಅದೇ ಓಪನ್‌ಪಿಜಿಪಿ ಮಾನದಂಡ, ಆದರೆ ರಸ್ಟ್ ಭಾಷೆಯಲ್ಲಿ, ತಳಪಾಯದಿಂದ ಹೊಸದು. ಇಪ್ಪತ್ತು ವರ್ಷ ತಾನೇ ತಾನಾಗಿ ಬೆಳೆದ ಸಿ ಭಾಷೆಯ ಕೋಡ್‌ನಲ್ಲಿ ಒಂದು ಭಾಗ ಮುಟ್ಟಿದರೆ ಇನ್ನೊಂದು ಅಲುಗುತ್ತದೆ, ಬೇರೆ ತಂತ್ರಾಂಶಗಳು ಅದನ್ನು ಬಳಸಿಕೊಳ್ಳುವ ದಾರಿಯೂ ಸುಲಭವಿಲ್ಲ ಎಂಬುದು ಅವರ ತಕರಾರು. ಇದನ್ನು ದ್ರೋಹವೆಂದು ನೋಡುವವರನ್ನು ನಾನು ಒಪ್ಪುವುದಿಲ್ಲ. ಒಬ್ಬರೇ ಹದಿನೈದು ವರ್ಷ ಹೊತ್ತ ಯೋಜನೆಯ ರಚನೆ ಆ ಒಬ್ಬರ ತಲೆಯ ರಚನೆಯೇ ಆಗಿಬಿಟ್ಟಿರುತ್ತದೆ. ಹೊಸಬರಿಗೆ ಹಣ ಕೊಟ್ಟು ಕರೆಸಬಹುದು, ಆ ತಲೆಯೊಳಗೆ ಅವರಿಗೆ ಜಾಗ ಮಾಡಿಕೊಡುವುದು ಹಣದಿಂದಾಗುವ ಕೆಲಸವಲ್ಲ. ಬಡತನದ ವರ್ಷಗಳು ವಸೂಲು ಮಾಡಿದ ನಿಜವಾದ ಬೆಲೆ ಇದು. 2005ರಲ್ಲೋ 2008ರಲ್ಲೋ ಜೊತೆಗೆ ಇನ್ನಿಬ್ಬರು ಇದ್ದಿದ್ದರೆ ಕೋಡ್ ಬೇರೆ ರೀತಿ ಬೆಳೆಯುತ್ತಿತ್ತು.

ಕಣ್ಣುಗಳು ಕಡಿಮೆಯಿದ್ದುದಕ್ಕೆ ಇನ್ನೊಂದು ಸಾಕ್ಷಿ 2016ರ ಆಗಸ್ಟ್‌ನಲ್ಲಿ ಸಿಕ್ಕಿತು. ಕಾರ್ಲ್ಸ್‌ರೂಹ್ ತಂತ್ರಜ್ಞಾನ ಸಂಸ್ಥೆಯ ಇಬ್ಬರು ಸಂಶೋಧಕರು ಯಾದೃಚ್ಛಿಕ ಸಂಖ್ಯೆಗಳನ್ನು ಹುಟ್ಟಿಸುವ ಭಾಗದಲ್ಲೇ ಒಂದು ದೋಷ ಹಿಡಿದರು. ಅಲ್ಲಿಂದ ಹೊರಬಂದ 580 ಬೈಟ್‌ಗಳು ಕೈಗೆ ಸಿಕ್ಕರೆ ಮುಂದಿನ 20 ಬೈಟ್‌ಗಳನ್ನು ಲೆಕ್ಕಹಾಕಿ ಹೇಳಬಹುದಿತ್ತು. ದೋಷ 1998ರಿಂದಲೂ ಅಲ್ಲೇ ಇತ್ತು. ಅದೃಷ್ಟಕ್ಕೆ ಇದರಿಂದ ಹಳೆಯ ಕೀಲಿಗಳು ಬಯಲಾಗುವ ಸಂಭವ ಕಡಿಮೆ ಎಂದು ಕಂಡುಬಂತು. ಎಲ್ಲರಿಗೂ ತೆರೆದಿದ್ದ ಕೋಡ್ ಅದು, ಯಾರು ಬೇಕಾದರೂ ಓದಬಹುದಿತ್ತು. ಹದಿನೆಂಟು ವರ್ಷ ಆ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ.

ಯೋಜನೆಯೊಂದು ಒಂಟಿಯಾಗಿ ಬದುಕುವುದೂ ಇಲ್ಲ. ಗೂಢಪತ್ರ ಕಳಿಸುವವರಿಗೆ ಬೇಕಾದ ಸಾರ್ವಜನಿಕ ಕೀಲಿಗಳನ್ನು ಹುಡುಕಿಕೊಡುತ್ತಿದ್ದ ಕೀಲಿ ಸರ್ವರ್‌ಗಳ ತಂತ್ರಾಂಶವನ್ನು ಮೂಲತಃ ಒಬ್ಬ ವಿದ್ಯಾರ್ಥಿ ತಮ್ಮ ಪಿಎಚ್‌ಡಿ ಸಂಶೋಧನೆಗಾಗಿ ಓಕ್ಯಾಮಲ್ ಭಾಷೆಯಲ್ಲಿ ಬರೆದಿದ್ದರು. ಅವರು ತಮ್ಮ ದಾರಿ ಹಿಡಿದ ಮೇಲೆ ಅದನ್ನು ಆಳವಾಗಿ ತಿದ್ದಬಲ್ಲವರು ಉಳಿಯಲಿಲ್ಲ. 2019ರ ಜೂನ್‌ನಲ್ಲಿ ಯಾರೋ, ಇಬ್ಬರು ಡೆವಲಪರ್‌ಗಳ ಕೀಲಿಗಳ ಮೇಲೆ ಲಕ್ಷದ ಲೆಕ್ಕದಲ್ಲಿ ಕಸದ ಸಹಿಗಳನ್ನು ಸುರಿದರು. ಆ ಸರ್ವರ್‌ಗಳಲ್ಲಿ ಏನನ್ನೂ ಅಳಿಸಲು ಬರುವುದಿಲ್ಲ. ಅಂಥ ಕೀಲಿಯನ್ನು ಇಳಿಸಿಕೊಂಡ ಗ್ನುಪಿಜಿ ಉಸಿರುಗಟ್ಟಿ ನಿಲ್ಲುತ್ತಿತ್ತು. ಪಾಳುಬಿದ್ದದ್ದು ನೆರೆಮನೆ, ದಂಡ ತೆತ್ತದ್ದು ಇವರು. ಮುಂದಿನ ತಿಂಗಳ 2.2.17 ಆವೃತ್ತಿಯಲ್ಲಿ, ಕೀಲಿ ಸರ್ವರ್‌ಗಳಿಂದ ಬರುವ ಇತರರ ಸಹಿಗಳನ್ನು ತಾನಾಗಿಯೇ ಕೈಬಿಡುವಂತೆ ಮಾಡಲಾಯಿತು.

ಇಷ್ಟೆಲ್ಲದರ ನಡುವೆ ಬದುಕಿನ ದಾರಿ ತೆರೆದುಕೊಂಡದ್ದು ಯಾರೂ ಕಣ್ಣೆತ್ತಿ ನೋಡದ ಒಂದು ಮೂಲೆಯಲ್ಲಿ. ಜರ್ಮನಿಯ ಸರ್ಕಾರಿ ದಾಖಲೆಗಳ ಗೌಪ್ಯತೆಗೆ ನಾಲ್ಕು ಮೆಟ್ಟಿಲುಗಳಿವೆ. ಕೆಳಗಿನದು ವಿಎಸ್-ಎನ್‌ಎಫ್‌ಡಿ, ಅಂದರೆ ‘ಕಚೇರಿ ಬಳಕೆಗೆ ಮಾತ್ರ’. ಈ ಮುದ್ರೆ ಬಿದ್ದ ಕಡತವನ್ನು ಇಂಟರ್‌ನೆಟ್ ಮೂಲಕ ಕಳಿಸಬೇಕಾದರೆ ಬಿಎಸ್‌ಐ ಅನುಮೋದಿಸಿದ ತಂತ್ರಾಂಶವೇ ಬೇಕು. ಬಹುಕಾಲ ಆ ಜಾಗದಲ್ಲಿದ್ದದ್ದು ಕಿಯಾಸ್ಮಸ್ ಎಂಬ ಸರ್ಕಾರದ್ದೇ ಹಳೆಯ ತಂತ್ರಾಂಶ. ಅದರ ಕಾಲ ಮುಗಿಯುತ್ತ ಬಂದಾಗ ಕಚೇರಿಗಳಿಗೆ ಬದಲಿ ಬೇಕಾಯಿತು. ಜಿ10 ಕೋಡ್ ಅನುಮೋದನೆ ಪಡೆದು ‘ಗ್ನುಪಿಜಿ ವಿಎಸ್-ಡೆಸ್ಕ್‌ಟಾಪ್’ ಎಂಬ ಹೆಸರಿನಲ್ಲಿ ಮಾರಾಟಕ್ಕಿಟ್ಟಿತು.

ಮಾರಾಟವಾಗುತ್ತಿರುವುದು ನಿಖರವಾಗಿ ಏನು ಎಂಬುದು ನನ್ನನ್ನು ಈ ಪ್ರಕರಣಕ್ಕೆ ಎಳೆದ ಪ್ರಶ್ನೆ. ಕೋಡ್ ಅಲ್ಲ. ಅದು ಮುಕ್ತ ಪರವಾನಗಿಯಲ್ಲೇ ಇದೆ, ನಾನು ನೀವು ಪುಕ್ಕಟೆ ಪಡೆಯಬಹುದು. ಕಚೇರಿ ಹಣ ಕೊಡುವುದು ಬೇರೆ ಸಂಗತಿಗಳಿಗೆ. ಮೌಲ್ಯಮಾಪಕರ ಮುಂದಿಡುವ ದಾಖಲೆಗಳಿಗೆ. ಸಾವಿರಾರು ವಿಂಡೋಸ್ ಗಣಕಗಳಿಗೆ ಒಂದೇ ಕಡೆಯಿಂದ ಹಾಕಬಹುದಾದ ಪ್ಯಾಕೇಜಿಗೆ. ದೋಷ ಕಂಡರೆ ದೂರು ಕೊಡಬಹುದಾದ ಒಂದು ವಿಳಾಸಕ್ಕೆ. ಮುಂದಿನ ಹಲವು ವರ್ಷ ಇದೇ ಆವೃತ್ತಿ ತೇಪೆ ಸಹಿತ ಬದುಕಿರುತ್ತದೆ ಎಂಬ ಮಾತಿಗೆ. ಆವೃತ್ತಿ ಕೇಳಿದಾಗ ಬರುವ ‘ಯಾವ ಖಾತರಿಯೂ ಇಲ್ಲ’ ಎಂಬ ಸಾಲಿದೆಯಲ್ಲ, ಆ ಸಾಲು ನಿರಾಕರಿಸಿದ್ದನ್ನೇ ಇಲ್ಲಿ ಬೆಲೆ ಕಟ್ಟಿ ಕೊಡಲಾಗುತ್ತಿದೆ. ಹಿಂದಿನ ಗುತ್ತಿಗೆಗಳು ಹೊಸ ಸೌಲಭ್ಯಕ್ಕೆ ಹಣ ಕೊಟ್ಟು ಉಳಿಕೆಯ ಚಾಕರಿಯನ್ನು ಹೊರಗಿಟ್ಟಿದ್ದವು. ಈ ಏರ್ಪಾಟಿನಲ್ಲಿ ಹಣ ಬರುವುದೇ ಆ ಚಾಕರಿಗೆ. ಮೈಕ್ ಇಟ್ಟು ಕೀಲಿ ಕದಿಯುವಂಥ ಇನ್ನೊಂದು ದಾಳಿ ನಾಳೆ ಬಂದರೆ ಅದನ್ನು ಸರಿಪಡಿಸುವವರ ಸಂಬಳ ಆಗಲೇ ಪಾವತಿಯಾಗಿರುತ್ತದೆ. ಹಾಗೆ ಸರಿಪಡಿಸಿದ ಕೋಡ್ ಹಣ ಕೊಡದ ನಮಗೂ ಬರುತ್ತದೆ.

2022ರ ಜನವರಿಯಲ್ಲಿ ಕೋಖ್ ಒಂದು ಪ್ರಕಟಣೆ ಹೊರಡಿಸಿದರು. ಇಷ್ಟು ವರ್ಷ ಜೊತೆ ನಿಂತ ದಾನಿಗಳಿಗೆ ವಂದಿಸಿ, ಇನ್ನು ಮುಂದೆ ಯೋಜನೆ ತನ್ನ ಗಳಿಕೆಯಲ್ಲೇ ನಡೆಯುತ್ತದೆ ಎಂದು ತಿಳಿಸಿದರು. ಸ್ಟ್ರೈಪ್ ಮತ್ತು ಪೇಪಾಲ್ ಮೂಲಕ ಬರುತ್ತಿದ್ದ ಮಾಸಿಕ ದೇಣಿಗೆಗಳನ್ನು ಅವರೇ ರದ್ದು ಮಾಡಿದ್ದರು. ಬ್ಯಾಂಕಿನಿಂದ ನೇರ ಕಳಿಸುತ್ತಿದ್ದವರು ಅದನ್ನು ನಿಲ್ಲಿಸಿ, ಹೆಚ್ಚು ಅಗತ್ಯವಿರುವ ಬೇರೆ ಯೋಜನೆಗಳಿಗೆ ತಿರುಗಿಸಬೇಕೆಂದು ಕೋರಿದರು. ಬರುವ ಹಣವನ್ನು ತಡೆಯಲು ಇಷ್ಟು ಶ್ರಮಪಟ್ಟ ಇನ್ನೊಂದು ಯೋಜನೆಯನ್ನು ನಾನು ಕಂಡಿಲ್ಲ. ಆ ಪ್ರಕಟಣೆ ಓದಿದಾಗ ನನ್ನ ಕಣ್ಣು ಮಂಜಾಯಿತು.

ಈ ದಾರಿಗೂ ಸುಂಕವಿದೆ. ಗ್ನುಪಿಜಿಯಲ್ಲಿ ‘ಡಿಇ-ವಿಎಸ್’ ಎಂಬ ಒಂದು ಆಯ್ಕೆಯಿದೆ. ಅದನ್ನು ಕೊಟ್ಟರೆ ಜರ್ಮನ್ ಸರ್ಕಾರದ ಗೌಪ್ಯತಾ ನಿಯಮಕ್ಕೆ ತಕ್ಕಂತೆ ನಡೆದುಕೊಳ್ಳುತ್ತದೆ. ಪುಕ್ಕಟೆ ಪ್ರತಿ ಬಳಸುವ ಪ್ರತಿಯೊಬ್ಬರ ಗಣಕದಲ್ಲೂ ಈ ಆಯ್ಕೆ ಕುಳಿತಿದೆ. ಇದರಲ್ಲಿ ಕೇಡೇನಿಲ್ಲ, ಆದರೆ ಯಾರ ಅನ್ನ ತಿನ್ನುತ್ತೇವೆಯೋ ಅವರ ಗುರುತು ಕೋಡ್‌ನೊಳಗೂ ಬೀಳುತ್ತದೆ. ಹೆಚ್ಚು ಗಂಭೀರವಾದದ್ದು ಮಾನದಂಡದ ಒಡಕು. ಓಪನ್‌ಪಿಜಿಪಿಯ 2007ರ ಮಾನದಂಡವನ್ನು ಪರಿಷ್ಕರಿಸುವ ಕೆಲಸದಲ್ಲಿ ಭಿನ್ನಾಭಿಪ್ರಾಯ ಹುಟ್ಟಿ, ಹೊಸ ಕರಡು ಅನಗತ್ಯ ಬದಲಾವಣೆಗಳಿಂದ ಹಳೆಯ ಬಳಕೆದಾರರನ್ನು ಕಷ್ಟಕ್ಕೆ ದೂಡುತ್ತದೆ ಎಂದು ಕೋಖ್ ಬೇರೆಯಾದರು. 2023ರಲ್ಲಿ ಲಿಬ್ರೆಪಿಜಿಪಿ ಎಂಬ ಪ್ರತ್ಯೇಕ ಮಾನದಂಡ ಮುಂದಿಟ್ಟರು. 2024ರ ಜುಲೈನಲ್ಲಿ ಅಧಿಕೃತ ಮಾನದಂಡ ಆರ್‌ಎಫ್‌ಸಿ 9580 ಪ್ರಕಟವಾಯಿತು. ಅವರ ವಾದದಲ್ಲಿ ತಿರುಳಿದೆ. ಆದರೆ ವರ್ಷಗಟ್ಟಲೆ ಏನೂ ಬದಲಾಗದಿರಲಿ ಎಂದು ಬಯಸುವ ಕಚೇರಿಗಳಿಗೆ ಮಾತು ಕೊಟ್ಟವರು ಬದಲಾವಣೆಯನ್ನು ನೋಡುವ ಕಣ್ಣೂ ಬೇರೆಯಾಗಿರುತ್ತದೆ, ಎರಡಕ್ಕೂ ನಂಟಿದೆ ಎಂದು ನಾನು ಭಾವಿಸುತ್ತೇನೆ. ಎರಡು ಮಾನದಂಡಗಳ ನಡುವೆ ಸಿಕ್ಕಿಕೊಂಡ ಸಾಮಾನ್ಯ ಬಳಕೆದಾರ ಯಾರ ಗಿರಾಕಿಯೂ ಅಲ್ಲ. ಆ ಮಾತಿನ ಮೇಜಿನಲ್ಲಿ ಅವನಿಗೆ ಕುರ್ಚಿ ಇರಲಿಲ್ಲ. ಈ ಏರ್ಪಾಟಿನಲ್ಲಿ ನನ್ನನ್ನು ನೋಯಿಸುವುದು ಇದೊಂದೇ.

ಇನ್ನು ಉತ್ತರಾಧಿಕಾರದ ಪ್ರಶ್ನೆ. ಕೋಖ್ 1961ರಲ್ಲಿ ಹುಟ್ಟಿದವರು. ಕಂಪನಿಯ ಆದಾಯ ಅವರ ನಂತರವೂ ನಿಲ್ಲಬಹುದು, ಏಕೆಂದರೆ ಒಪ್ಪಂದಗಳು ಕಂಪನಿಯ ಹೆಸರಿನಲ್ಲಿವೆ. ದೇಣಿಗೆಗಳು ಹಾಗಿರಲಿಲ್ಲ, ಅವು ಒಬ್ಬ ವ್ಯಕ್ತಿಯ ಕಷ್ಟದ ಹೆಸರಿನಲ್ಲಿ ಬಂದಿದ್ದವು.

2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13ರಲ್ಲಿ ತಂತ್ರಾಂಶ ಪಟ್ಟಿಗಳ ಸಹಿ ಪರೀಕ್ಷಿಸುವ ಕೆಲಸ ಜಿಪಿಜಿವಿಯ ಕೈಯಿಂದ ಸೆಕ್ವೊಯಾದ ಎಸ್‌ಕ್ಯೂವಿಗೆ ಹೋಗಿದೆ. ಬಿಟ್ಟುಹೋದ ಆ ಮೂವರು ಶುರು ಮಾಡಿದ ಯೋಜನೆ ಅದು. ನನ್ನ ಗಣಕದಲ್ಲಿ ಈಗ ಎರಡೂ ಇವೆ. ಬೆಳಗ್ಗೆ ಅಪ್‌ಡೇಟ್ ನಡೆಯುವಾಗ ಎಸ್‌ಕ್ಯೂವಿ ಸದ್ದಿಲ್ಲದೆ ಪಟ್ಟಿಯನ್ನು ನೋಡಿ ಒಪ್ಪುತ್ತದೆ. ಸಂಜೆ ಪತ್ರಕ್ಕೆ ಸಹಿ ಹಾಕುವಾಗ ಜಿಪಿಜಿ ನನ್ನ ಗುಪ್ತಪದ ಕೇಳುತ್ತದೆ.